ಇವತ್ತಿನ ಸೂರ್ಯ

ಬೆಳಿಗ್ಗೆ ಎದ್ದ ಕೂಡಲೇ ಹೂವಿನ ಚಿತ್ರ, ದೇವರ ಚಿತ್ರ, ಹೊಗೆಯಾಡುವ ಕಾಫಿ ಲೋಟದ ಚಿತ್ರ ಕಳಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥ ನನ್ನನ್ನೇ ಟೆಕ್ಸಸ್ಸಿನ ಕನ್ನಡಿಗರು ಗುಡ್ ಮಾರ್ನಿಂಗ್ ಅಂಕಲ್ ಮಾಡಿ ಕೂರಿಸಿಬಿಟ್ಟರು.

ಶುರುವಾದದ್ದು ಗ್ರಹಣದಿಂದ. ಡಲ್ಲಾಸಿನ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋದ ವರ್ಷ, ಒಟ್ಟಿಗೆ ಗ್ರಹಣದ ಕನ್ನಡಕ ತರಿಸೋಣ ಎಂದು ಅಲ್ಲಿಗೆ ಹತ್ತಿರದ ಫ್ಲವರ್ ಮೌಂಡ್ ಊರಿನ ಶಶಿಕಾಂತ್ ಒಂದು ವಾಟ್ಸಾಪ್ ಗ್ರೂಪ್ ಮಾಡಿದ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಕಡೆಯವರು ಸೇರಿಕೊಂಡರು. ಗ್ರಹಣ ಬಂತು, ಬಿಟ್ಟಿತು, ಕನ್ನಡಕಗಳು ಡ್ರಾಯರ್ ಸೇರಿದವು. ಗ್ರೂಪ್ ಮಾತ್ರ ಉಳಿಯಿತು. ಅಷ್ಟು ಜನರಲ್ಲಿ ಗ್ರಹಣವಿಲ್ಲದ ದಿನವೂ ಸೂರ್ಯನನ್ನು ನೋಡುತ್ತಿದ್ದವನು ನಾನೊಬ್ಬನೇ.

ನಾನಿರುವುದು ಗ್ಯಾಲ್ವೆಸ್ಟನ್ನಿನಲ್ಲಿ. ಹ್ಯೂಸ್ಟನ್ನಿನಿಂದ ದಕ್ಷಿಣಕ್ಕೆ ಬಂದು ಉದ್ದನೆಯ ಸೇತುವೆ ದಾಟಿದರೆ ಸಿಗುವ ಮರಳಿನ ದ್ವೀಪ. ನಾನಿರುವ ತುದಿಯಲ್ಲಿ ಮನೆಗಳೆಲ್ಲ ಕಂಬಗಳ ಮೇಲೆ ನಿಂತಿವೆ. ಕೆಳಗೆ ಕಾರು, ಮೇಲೆ ಮನುಷ್ಯ. ಸಮುದ್ರಕ್ಕೆ ಮನಸ್ಸು ಬಂದಾಗ ಕೆಳಗಡೆ ಬಂದು ಹೋಗಲಿ ಎಂದು ಮೊದಲೇ ಜಾಗ ಬಿಟ್ಟುಕೊಟ್ಟಂತೆ. ಬಂದರಿನ ಹಡಗುಗಳ ಲೆಕ್ಕ ಇಡುವ ಸಾಫ್ಟ್‌ವೇರ್ ನನ್ನ ಹೊಟ್ಟೆಪಾಡು. ಅದನ್ನು ಎಲ್ಲಿ ಕೂತಾದರೂ ಮಾಡಬಹುದು. ನಾನು ಇಲ್ಲಿ ಕೂತದ್ದು ಸೂರ್ಯನಿಗಾಗಿ. ಬೆಳಗಿನ ಹೊತ್ತು ನೀರಿನ ಮೇಲಿನ ಗಾಳಿ ಅಷ್ಟಾಗಿ ಕದಡುವುದಿಲ್ಲ, ಟೆಲಿಸ್ಕೋಪಿನಲ್ಲಿ ಸೂರ್ಯ ನಡುಗದೆ ನಿಲ್ಲುತ್ತಾನೆ.

ಹೆಸರು ತಿರುಮಲ, ಊರು ಮೈಸೂರು. ಮದುವೆಯಾಗಿಲ್ಲ. ಯಾಕೆ ಎನ್ನುವುದಕ್ಕೆ ದೊಡ್ಡ ಕಥೆಯೇನೂ ಇಲ್ಲ, ಆಗಲಿಲ್ಲ, ಅಷ್ಟೇ. ಕನ್ನಡ ಸಂಘದ ಯುಗಾದಿ ಊಟಕ್ಕೆ ಟಿಕೆಟ್ ತೆಗೆಯುವಾಗ ಅಲ್ಲಿರುವುದು ಎರಡೇ ಬಗೆ: ಫ್ಯಾಮಿಲಿ, ಇಲ್ಲವೇ ಸ್ಟೂಡೆಂಟ್. ತಲೆ ಪೂರ್ತಿ ನರೆತವನು ಸ್ಟೂಡೆಂಟ್ ಎಂದು ಹೋಗಿ ಒಬ್ಬಟ್ಟು ತಿಂದು ಬಂದಿದ್ದೇನೆ. ಬಡಿಸುವ ಹುಡುಗಿ "ಅಂಕಲ್, ಆಂಟಿ ಬರ್ಲಿಲ್ವಾ?" ಎಂದಳು. "ಇಲ್ಲಮ್ಮ, ಎಕ್ಸಾಮ್ ಇದೆ" ಎಂದೆ. ಅವಳು ತಲೆಯಾಡಿಸಿ ತುಪ್ಪ ಹಾಕಿ ಮುಂದೆ ಹೋದಳು. ಆಮೇಲೆ ಕಾರಿನಲ್ಲಿ ಕೂತಾಗ ನನ್ನ ತಮಾಷೆ ನನಗೇ ಬೇಜಾರು ತರಿಸಿತು.

ಸೂರ್ಯನ ಫೋಟೋ ತೆಗೆಯುವುದು ಹೊರಗಿನಿಂದ ನೋಡುವವರಿಗೆ ಹುಚ್ಚು. ಟೆಲಿಸ್ಕೋಪಿನ ಮುಂದಿನ ಬಾಯಿಗೆ ಬೆಳ್ಳಿಬಣ್ಣದ ಫಿಲ್ಟರ್ ಕಟ್ಟಬೇಕು. ಅದು ಬಿಸಿಲನ್ನೆಲ್ಲ ಆಚೆಗೇ ತಡೆದು ಒಂದು ಚಿಟಿಕೆಯಷ್ಟನ್ನು ಒಳಗೆ ಬಿಡುತ್ತದೆ. ಅದನ್ನು ಮರೆತು ಕಣ್ಣಿಟ್ಟರೆ ಕಣ್ಣು ಹೋಯಿತು. ಒಂದು ಫೋಟೋ ತೆಗೆದರೆ ಸಾಲದು, ವಿಡಿಯೋ ಮಾಡಬೇಕು. ಗಾಳಿ ಅಲುಗುತ್ತಲೇ ಇರುವುದರಿಂದ ಸಾವಿರಾರು ಚಿತ್ರಗಳಲ್ಲಿ ಕೆಲವು ಮಾತ್ರ ನಿಚ್ಚಳವಾಗಿರುತ್ತವೆ. ಅವನ್ನು ಹೆಕ್ಕಿ ಒಂದರ ಮೇಲೊಂದು ಕೂರಿಸಿದರೆ ಸೂರ್ಯನ ಮೈಮೇಲಿನ ಕಲೆಗಳು ನಿಧಾನವಾಗಿ ಎದ್ದು ಬರುತ್ತವೆ. ಭೂಮಿಯನ್ನೇ ನುಂಗುವಷ್ಟು ದೊಡ್ಡ ಕಲೆಗಳು. ಇವತ್ತು ಇಲ್ಲಿದ್ದದ್ದು ನಾಳೆ ಸ್ವಲ್ಪ ಅತ್ತ ಸರಿದಿರುತ್ತದೆ, ಆಕಾರ ಬದಲಾಗಿರುತ್ತದೆ. ಎರಡು ದಿನದ ಸೂರ್ಯ ಒಂದೇ ಥರ ಇರುವುದಿಲ್ಲ. ಇದು ಗೊತ್ತಾದ ಮೇಲೆ ನಾನು ಬೇರೆ ಯಾವ ಹವ್ಯಾಸದ ಕಡೆಗೂ ತಿರುಗಿ ನೋಡಲಿಲ್ಲ. ಉಪ್ಪುಗಾಳಿಗೆ ಸ್ಕ್ರೂಗಳು ತುಕ್ಕು ಹಿಡಿದವು, ಲೆನ್ಸಿಗೆ ಬೂಷ್ಟು ಬಂತು, ಎಲ್ಲವನ್ನೂ ಒರೆಸಿಕೊಂಡು ಮುಂದುವರಿದೆ.

ಗ್ರೂಪಿಗೆ ಮೊದಲು ಕಳಿಸಿದಾಗ ಸೂರ್ಯನನ್ನು ಇದ್ದಂತೆಯೇ, ಬೆಳ್ಳಗೆ ಕಳಿಸಿದ್ದೆ. "ಎಷ್ಟು ಚೆನ್ನಾಗಿದಾನೆ ಚಂದ್ರ" ಎಂದು ಶುಗರ್‌ಲ್ಯಾಂಡಿನ ಮಧುರಾ ಬರೆದರು. ಇನ್ನಿಬ್ಬರು ಹುಣ್ಣಿಮೆಯ ಶುಭಾಶಯ ಹೇಳಿದರು. ಮಾರನೆಯ ದಿನದಿಂದ ಕಿತ್ತಳೆ ಬಣ್ಣ ಬಳಿದು, ಕೆಳಗೆ "ಇವತ್ತಿನ ಸೂರ್ಯ" ಎಂದೂ ತಾರೀಖನ್ನೂ ಬರೆದು ಕಳಿಸಿದೆ. ಆಗ ನೋಡಿ, ಕೈಮುಗಿದ ಚಿಹ್ನೆಗಳ ಮಳೆ. ಓಂ ಸೂರ್ಯಾಯ ನಮಃ. ಶುಭೋದಯ. ಅಂಕಲ್‌ಗೆ ಧನ್ಯವಾದ. ನಾನು ಹಟ ಬಿಡದೆ ಎಡಗಡೆಯ ಕಲೆ ನಿನ್ನೆಗಿಂತ ದೊಡ್ಡದಾಗಿದೆ ಗಮನಿಸಿ ಎಂದು ಬರೆದೆ. ಅದಕ್ಕೂ ಕೈಮುಗಿದರು.

ಹಾಗೇ ತಿಂಗಳುಗಳು ಹೋದವು. ಮೋಡ ಕವಿದ ಒಂದು ವಾರ ನಾನೇನೂ ಕಳಿಸಲಿಲ್ಲ. ಮಧುರಾ ಬರೆದರು: "ಅಂಕಲ್, ನಿಮ್ಮ ಸೂರ್ಯ ನೋಡದೆ ನಮ್ಮನೇಲಿ ದಿನಾನೇ ಶುರುವಾಗಲ್ಲ." ಈ ಒಂದು ಮಾತಿಗೆ ನಾನು ಹಿಗ್ಗಿಹೋದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಕೂತು ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ಬೆಳಿಗ್ಗೆ ನಾನು ಹೊಸ ಫೋಟೋ ಹಾಕದಿದ್ದರೆ ಅದು ನನ್ನ ಹಳೆಯ ಫೋಟೋಗಳಲ್ಲಿ ಯಾವುದೋ ಒಂದನ್ನು ಎತ್ತಿ, ಅವತ್ತಿನ ತಾರೀಖು ಬರೆದು, ಗ್ರೂಪಿಗೆ ಕಳಿಸುತ್ತದೆ. ಅದು ಓಡುವುದು ನನ್ನ ಮನೆಯಲ್ಲಲ್ಲ, ಎಲ್ಲೋ ದೂರದ ಬಾಡಿಗೆಯ ಕಂಪ್ಯೂಟರಿನಲ್ಲಿ. ಮೊದಲ ಸಲ ಅದು ಹಳೆಯ ಸೂರ್ಯನನ್ನು ಕಳಿಸಿದಾಗ ಫೋನ್ ಹಿಡಿದು ಕಾದು ಕೂತೆ. ನಿನ್ನೆ ನಡುವೆ ಇದ್ದ ಕಲೆ ಇವತ್ತು ಇಲ್ಲವೇ ಇಲ್ಲ, ಯಾರಿಗಾದರೂ ಗೊತ್ತಾಗಲೇಬೇಕು.

ಕೈಮುಗಿದರು. ಎಂದಿನಷ್ಟೇ ಜನ, ಎಂದಿನ ಹಾಗೆ.

ಸಿಟ್ಟು ಬಂತು. ಹೊರಗೆ ಹೊಳೆಯುವ ಬಿಸಿಲಿದ್ದರೂ ಬೇಕೆಂದೇ ಪ್ರೋಗ್ರಾಮಿಗೆ ಬಿಟ್ಟೆ. ಒಂದೇ ಫೋಟೋವನ್ನು ಎರಡು ದಿನ ಸಾಲಾಗಿ ಕಳಿಸಿದೆ. ಒಂದು ದಿನ ತಲೆಕೆಳಗು ಮಾಡಿ ಕಳಿಸಿದೆ. ಧನ್ಯವಾದ ಅಂಕಲ್. ನನಗೆ ಆಗ ಬೇಕಾಗಿದ್ದದ್ದು ಒಂದೇ: ಈ ಕಳ್ಳತನವನ್ನು ಒಬ್ಬರಾದರೂ ಹಿಡಿಯಬೇಕು. ಟೆಕ್ಸಸ್ಸಿನ ಯಾವುದೋ ಮೂಲೆಯಲ್ಲಿ ಒಬ್ಬರಾದರೂ ನನ್ನ ಸೂರ್ಯನನ್ನು ಕಣ್ಣಿಟ್ಟು ನೋಡಿ, ಇದು ಇವತ್ತಿನದಲ್ಲ ಎನ್ನಬೇಕು. ಬೈದರೂ ಸರಿ. ಪ್ರತಿದಿನ ಅದಕ್ಕೇ ಕಾಯುತ್ತಿದ್ದೆ, ಪ್ರತಿದಿನ ಕೈಮುಗಿಸಿಕೊಳ್ಳುತ್ತಿದ್ದೆ. ದೇವರಿಗೂ ಇದೇ ಕಷ್ಟವಿರಬೇಕು.

ಸೆಪ್ಟೆಂಬರಿನಲ್ಲಿ ಹರಿಕೇನ್ ಬಂತು. ಅದಕ್ಕೊಂದು ಹೆಣ್ಣಿನ ಹೆಸರಿಟ್ಟಿದ್ದರು, ಮರೆತುಹೋಗಿದೆ. ದ್ವೀಪ ಖಾಲಿ ಮಾಡಿ ಎಂದು ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು. ಅಕ್ಕಪಕ್ಕದವರು ಕಿಟಕಿಗಳಿಗೆ ಹಲಗೆ ಹೊಡೆದು ಹೊರಟರು. ಶಶಿಕಾಂತ್ ಫೋನ್ ಮಾಡಿದ. "ಅಂಕಲ್, ಸುಮ್ನೆ ಹೊರಟು ಬನ್ನಿ. ಹೋದ್ಸಲದ ಥರ ಮೀಡಿಯಾ ರೂಮ್‌ನಲ್ಲಿ ಆರಾಮಾಗಿರಿ."

ಹೋದ ಸಲದ ಹರಿಕೇನಿನಲ್ಲಿ, ಅವನ ಮನೆಯ ಸಿನಿಮಾ ನೋಡುವ ಆ ಕೋಣೆಯಲ್ಲಿ ಆರಾಮಾಗಿಯೇ ಇದ್ದೆ. ಅವನ ಹೆಂಡತಿ ಹೊತ್ತುಹೊತ್ತಿಗೆ ಊಟ ಹಾಕಿದಳು. ಮನೆಗೆ ಬಂದವರಿಗೆಲ್ಲ "ಇವ್ರು ನಮ್ಮ ಹರಿಕೇನ್ ಅಂಕಲ್" ಎಂದು ಪರಿಚಯ ಮಾಡಿಕೊಟ್ಟಳು. ಬಂದವರು "ಒಬ್ರೇ ಹೇಗೆ ಟೈಮ್‌ಪಾಸ್ ಮಾಡ್ತೀರಾ?" ಎಂದು ಕೇಳಿದರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಅದಕ್ಕೇ ಇನ್ನೂ ತಡೆಯಲಾಗಲಿಲ್ಲ. ಈ ಸಲ ಶಶಿಕಾಂತನಿಗೆ, ಹ್ಯೂಸ್ಟನ್ನಿನಲ್ಲಿ ಫ್ರೆಂಡ್ ಮನೆಗೆ ಹೋಗ್ತಿದೀನಿ ಎಂದು ಸುಳ್ಳು ಹೇಳಿ, ಅವಲಕ್ಕಿಯ ಪೊಟ್ಟಣ, ನೀರಿನ ಬಾಟಲಿಗಳನ್ನು ಅಡುಗೆಮನೆಯ ನೆಲದಲ್ಲಿ ಜೋಡಿಸಿಕೊಂಡು ಮನೆಯಲ್ಲೇ ಉಳಿದೆ.

ಬೆಳಿಗ್ಗೆ ಹಿಡಿದ ಗಾಳಿ ಮಧ್ಯಾಹ್ನದವರೆಗೂ ಬಿಡಲಿಲ್ಲ. ಮನೆ ಕಂಬಗಳ ಮೇಲೆ ಅಲುಗಾಡಿತು. ಟೆಲಿಸ್ಕೋಪನ್ನು ಬಚ್ಚಲಿನ ತೊಟ್ಟಿಯಲ್ಲಿ ಕಂಬಳಿ ಸುತ್ತಿ ಮಲಗಿಸಿ, ಪಕ್ಕದಲ್ಲಿ ನಾನೂ ಕೂತಿದ್ದೆ. ಹೆದರಿಕೆಯಾಯಿತು. ಯಾರಿಗಾದರೂ ಹೆದರಿಕೆ ಆಗ್ತಿದೆ ಎಂದು ಹೇಳಬೇಕೆನಿಸಿತು, ಹೇಳುವಂಥವರು ಯಾರೂ ನೆನಪಾಗಲಿಲ್ಲ. ಕರೆಂಟು ಹೋಯಿತು, ಆಮೇಲೆ ಫೋನಿನ ಸಿಗ್ನಲ್ಲೂ ಹೋಯಿತು.

ಗಾಳಿ ಇಳಿದ ಮೇಲೆ ಕಾರು ಏನಾಯಿತು ನೋಡೋಣ ಎಂದು ಹೊರಗಿನ ಮೆಟ್ಟಿಲಿಳಿದೆ. ಕೆಳಗೆ ಮೊಣಕಾಲಿನವರೆಗೆ ಕಂದು ನೀರು. ನಡುವಿನ ಒಂದು ಮೆಟ್ಟಿಲು ಸಡಿಲವಾದದ್ದು ಕಾಲಿಟ್ಟ ಮೇಲೆ ಗೊತ್ತಾಯಿತು. ನಾನು ನೀರಿಗೆ ಬಿದ್ದೆ, ಫೋನೂ ಬಿತ್ತು. ನಾನು ಎದ್ದೆ, ಫೋನ್ ಏಳಲಿಲ್ಲ. ಬಲಗಾಲು ಪಾದದ ಬಳಿ ಹೊರಳಬಾರದ ಕಡೆಗೆ ಹೊರಳಿತ್ತು. ಕೂತುಕೊಂಡೇ, ಹಿಂದುಹಿಂದಕ್ಕೆ, ಮೆಟ್ಟಿಲು ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂದಿತ್ತು.

ಮಾರನೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಇಷ್ಟು ಶುದ್ಧವಾದ ಬಿಸಿಲನ್ನು ನಾನು ಈ ದ್ವೀಪದಲ್ಲಿ ಕಂಡಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಮಲಗಿ, ಕಿಟಕಿಯಿಂದ ಬಿದ್ದ ಬೆಳಕಿನ ಚೌಕ ಗೋಡೆ ಹತ್ತಿ ಇಳಿಯುವುದನ್ನು ನೋಡಿದೆ. ಕೂಗಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಒಂದು ಹೆಲಿಕಾಪ್ಟರ್ ಬಹಳ ಮೇಲೆ ಹೋಯಿತು. ಪರವಾಗಿಲ್ಲ, ಯಾರಾದರೂ ಹುಡುಕುತ್ತಾರೆ ಎಂದುಕೊಂಡೆ. ಸೂರ್ಯ ಬಂದಿಲ್ಲ, ಅಂಕಲ್‌ಗೆ ಏನಾಯಿತು ಎಂದು ಮಧುರಾ ಕೇಳುತ್ತಾರೆ, ಶಶಿಕಾಂತ್ ಪೊಲೀಸರಿಗೆ ಹೇಳುತ್ತಾನೆ.

ಆಗ ಪ್ರೋಗ್ರಾಮ್ ನೆನಪಾಯಿತು.

ಸೂರ್ಯ ಬಂದಿದ್ದಾನೆ. ಇವತ್ತಿನ ತಾರೀಖು ಹೊತ್ತುಕೊಂಡು ಸರಿಯಾದ ಹೊತ್ತಿಗೆ ಎಲ್ಲರ ಫೋನಿಗೂ ಬಂದಿದ್ದಾನೆ. ಅಂಕಲ್ ಸೇಫ್ ಎಂದು ಒಬ್ಬರು ಬರೆದಿರುತ್ತಾರೆ, ಉಳಿದವರು ಕೈಮುಗಿದಿರುತ್ತಾರೆ. ನಾಳೆಯೂ ಬರುತ್ತಾನೆ. ನಾನು ಈ ನೆಲದ ಮೇಲೆ ಕೊಳೆತುಹೋದರೂ ದಿನಾ ಬೆಳಿಗ್ಗೆ ಚೆನ್ನಾಗಿದ್ದೇನೆ ಎಂದು ನನ್ನ ಪರವಾಗಿ ಹೇಳುತ್ತಲೇ ಇರುತ್ತಾನೆ. ನಗು ಬಂತು. ನಗುತ್ತಾ ಇದ್ದವನು ಯಾವಾಗ ಅಳತೊಡಗಿದೆನೋ ತಿಳಿಯದು. ಅಷ್ಟು ಒಂಟಿ ಎಂದು ನನಗೆ ಹಿಂದೆಂದೂ ಅನಿಸಿರಲಿಲ್ಲ.

ನೀರು ಕುಡಿದೆ, ಅವಲಕ್ಕಿ ನೆನೆಸಿ ತಿಂದೆ, ನರಳಿದೆ. ಸೆಕೆಗೆ ನೆಲವೇ ಬೆವರುತ್ತಿತ್ತು. ಕಾಲು ಕುಂಬಳಕಾಯಿಯಷ್ಟಾಯಿತು. ಅದರ ಮಾರನೆಯ ಮಧ್ಯಾಹ್ನ, ನೀರು ಇಳಿದ ಮೇಲೆ, ಕೆಳಗೆ ಕಾರು ನಿಂತ ಸದ್ದಾಯಿತು. ಯಾರೋ ಕಾರಿನ ಬಾಗಿಲು ಧಡಾರನೆ ಹಾಕಿದರು. ಮೆಟ್ಟಿಲ ಮೇಲೆ ಹೆಜ್ಜೆ, ಮುರಿದ ಕಡೆ ಒಂದು ಗೊಣಗಾಟ, ಆಮೇಲೆ ಬಾಗಿಲ ಹತ್ತಿರ ಹೆಂಗಸಿನ ದನಿ.

"ಯಾರ್ರಿ ಒಳಗ? ಸೂರ್ಯನ್ನ ಕಳಸೋರು ಇದ್ದೀರೇನು?"

ಇಲ್ಲಿದ್ದೇನೆ ಎಂದು ಕೂಗಿದೆ. ಬಂದವರು ಐವತ್ತರ ಆಸುಪಾಸಿನ ಹೆಂಗಸು. ಸಲ್ವಾರಿನ ಅಂಚು ಕೆಸರಾಗಿತ್ತು. ನನ್ನನ್ನು ನೋಡಿದರು, ಕಾಲನ್ನು ನೋಡಿದರು. ಅಯ್ಯೋ ಅನ್ನಲಿಲ್ಲ.

"ನಾ ರಮಾ. ಊರು ಧಾರವಾಡ, ಈಗ ಆಸ್ಟಿನ್‌ದಾಗ ಇರ್ತೀನಿ. ನಿಮ್ಮ ಗ್ರೂಪಿನ್ಯಾಗ ಅದೀನಿ, ಇಲ್ಲೀತನಕ ಒಂದ್ ಮಾತೂ ಬರದಿಲ್ಲ. ನಿಮಗ ಬೈಯಾಕ ಬಂದೀನಿ." ಫೋನ್ ತೆಗೆದು ನನ್ನ ಮುಖದ ಮುಂದೆ ಹಿಡಿದರು. "ಮೊದ್ಲ ಇದಕ್ಕ ಉತ್ತರ ಕೊಡ್ರಿ. ಇದು ಯಾವತ್ತಿನ ಸೂರ್ಯ?"

ಕೆಳಗೆ ಹರಿಕೇನ್ ಬಂದ ದಿನದ ತಾರೀಖಿತ್ತು. ಅದನ್ನು ನೋಡುವ ಅಗತ್ಯವಿರಲಿಲ್ಲ. ನಡುವೆ ಒಂದು ದೊಡ್ಡ ಕಲೆ, ಕಲೆಯನ್ನು ಅಡ್ಡಕ್ಕೆ ಸೀಳಿಕೊಂಡು ಹೋದ ಕೂದಲೆಳೆಯಷ್ಟು ತೆಳುವಾದ ಬೆಳಕಿನ ಗೆರೆ. ಆ ಗೆರೆಯನ್ನು ಹಿಡಿಯಲು ಅವತ್ತು ಬೆಳಿಗ್ಗೆಯೆಲ್ಲ ಒದ್ದಾಡಿದ್ದೆ. ಸಿಕ್ಕಾಗ ಒಬ್ಬನೇ ಬಾಲ್ಕನಿಯಲ್ಲಿ ಕುಣಿದಿದ್ದೆ.

"ಫೆಬ್ರವರಿದು" ಎಂದೆ.

"ತಾರೀಖು?"

"ನೆನಪಿಲ್ಲ."

"ನಂಗ ನೆನಪದ. ನಮ್ಮವರು ಹೋದ ದಿವಸದ್ದು." ಅವರು ಫೋನನ್ನು ಇಳಿಸಲಿಲ್ಲ. "ಮುಂಜಾನೆ ಐಸಿಯು ಹೊರಗ ಕುಂತಿದ್ದೆ. ಡಾಕ್ಟರ್ ಬಂದು, ಇನ್ನ ಸ್ವಲ್ಪ ಹೊತ್ತು ಅಷ್ಟ ಅಂತ ಹೇಳಿ ಹೋದ್ರು. ಅದs ಹೊತ್ತಿಗೆ ಇದು ಬಂತು. ಬ್ಯಾರೆ ಯಾವುದರ ಮ್ಯಾಲೂ ಕಣ್ಣು ನಿಲ್ಲಲಿಲ್ಲ ನೋಡ್ರಿ, ಅದಕ್ಕ ಇದನ್ನs ನೋಡ್ಕೋತ ಕುಂತೆ. ದೊಡ್ಡದು ಮಾಡಿ ಮಾಡಿ ನೋಡಿದೆ. ಕಲೆ, ಕಲೆ ನಡುವ ಈ ಬೆಳ್ಳಗಿನ ಗೆರಿ. ಒಳಗ ಕರಿಯೂತನಕ ನೋಡಿದೆ. ಇದನ್ನ ನಾ ಮರೀತೀನೇನ್ರಿ?"

ನಾನು ಆ ಗೆರೆಯನ್ನು ಇನ್ನೊಮ್ಮೆ ನೋಡಿದೆ.

"ಏಳು ತಿಂಗಳಾದ ಮ್ಯಾಲ, ಮೊನ್ನೆ ಮುಂಜಾನೆ ಚಹಾ ಕುಡೀಲಿಕ್ಕೆ ಕುಂತಾಗ, ಅವತ್ತಿನ ಸೂರ್ಯ ಮತ್ತ ಬಂದಾನ. ಮೊನ್ನೆ ತಾರೀಖು ಹಾಕ್ಕೊಂಡು. ಮಂದಿ ಎಲ್ಲಾ ಕೈ ಮುಗದಾರ. ಸಿಟ್ಟು ನೆತ್ತಿಗೇರ್ತು. ಬೈಯೋಣಂತ ಫೋನ್ ಹಚ್ಚಿದೆ, ಸ್ವಿಚ್ ಆಫ್. ಮರುದಿವ್ಸ ಹಚ್ಚಿದೆ, ಸ್ವಿಚ್ ಆಫ್. ಆದ್ರ ಸೂರ್ಯ ಮಾತ್ರ ತಪ್ಪದs ಬಂದಾನ. ಫೋನ್ ಸತ್ತದ, ಸೂರ್ಯ ಹೆಂಗ ಬರ್ತಾನ? ನಾನೂ ಸಾಫ್ಟ್‌ವೇರ್‌ನಾಕೀನs ಅದೀನ್ರಿ. ಇದು ಮಿಷೀನ್ ಕಳಸಾಕತ್ತದ, ಮನಶ್ಯಾ ಅಲ್ಲ ಅಂತ ತಿಳೀತು. ಹಂಗಾದ್ರ ಮನಶ್ಯಾ ಎಲ್ಲಿ ಅದಾನ?"

ಯಾವಾಗಲೋ ಬೀಚಿಗೆ ಬರುವವರು ಕಾಲು ತೊಳೆದುಕೊಂಡು ಹೋಗಲಿ ಎಂದು ಗ್ರೂಪಿನಲ್ಲಿ ಮನೆಯ ವಿಳಾಸ ಹಾಕಿದ್ದೆ. ಅದನ್ನು ಹಿಡಿದುಕೊಂಡು ಆಸ್ಟಿನ್ನಿನಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದಿದ್ದರು. ಸೇತುವೆಯ ಬಳಿ ಪೊಲೀಸರು ತಡೆದು, ದ್ವೀಪದವರಿಗೆ ಮಾತ್ರ ಎಂದರಂತೆ. "ನಮ್ಮಣ್ಣ ಅಲ್ಲಿ ಒಬ್ಬವನs ಅದಾನ ಅಂತ ಅಂದೆ. ಸುಳ್ಳು ಹೇಳಿ ಬಂದೀನಿ, ನಿಮ್ಮ ಸಲುವಾಗಿ."

ನಾನು ಇಷ್ಟು ದಿನ ಕಾಯುತ್ತಿದ್ದವರು ಇವರೇ. ನನ್ನ ಸೂರ್ಯನನ್ನು ಕಣ್ಣಿಟ್ಟು ನೋಡಿದವರು, ಗೆರೆಯನ್ನು ಗುರುತಿಸಿದವರು, ಕಳ್ಳತನ ಹಿಡಿದವರು. ಅವರು ಬಂದಾಗ ಹೀಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಯಾರೂ ನೋಡಲ್ಲ ಅಂದ್ಕೊಂಡಿದ್ದೆ ರಮಾ ಅವ್ರೆ" ಎಂದೆ. "ತಪ್ಪಾಯ್ತು."

"ಮಂದಿ ಏನ್ ನೋಡ್ತಾರ, ಏನ್ ಬಿಡ್ತಾರ, ನಿಮಗೆಂಗ ಗೊತ್ತಾಗಬೇಕು" ಎಂದರು. ಆಮೇಲೆ ದುಪಟ್ಟಾ ತೆಗೆದು, ಟೆಲಿಸ್ಕೋಪ್ ನಿಲ್ಲಿಸುವ ಟ್ರೈಪಾಡಿನ ಒಂದು ಕಾಲನ್ನು ಬಿಚ್ಚಿ ನನ್ನ ಕಾಲಿಗೆ ಆನಿಸಿ, ಗಟ್ಟಿಯಾಗಿ ಕಟ್ಟಿದರು. ನಾನು ಕಿರುಚಿದ್ದಕ್ಕೆ "ಸುಮ್ಮನಿರ್ರಿ" ಎಂದು ಗದರಿದರು.

ಅವರ ಹೆಗಲು ಹಿಡಿದು, ಕೂತು, ಜಾರಿ, ಹೇಗೋ ಕೆಳಗಿಳಿದು ಅವರ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತೆ. ದ್ವೀಪದಲ್ಲಿ ಯಾವ ಆಸ್ಪತ್ರೆಯೂ ತೆರೆದಿರಲಿಲ್ಲ, ಹ್ಯೂಸ್ಟನ್ನಿಗೇ ಹೋಗಬೇಕಿತ್ತು. ಸಿಗ್ನಲ್ ಸಿಕ್ಕ ಕೂಡಲೇ ಅವರ ಫೋನ್ ಕೇಳಿ ತೆಗೆದುಕೊಂಡು ಆ ಪ್ರೋಗ್ರಾಮನ್ನು ನಿಲ್ಲಿಸಿದೆ. ನಿಲ್ಲಿಸಿದ್ದೇನೆ ಎಂದು ಹೇಳಿ ಫೋನ್ ವಾಪಸ್ ಕೊಟ್ಟೆ.

ಸೇತುವೆಯ ಎರಡೂ ಕಡೆ ನೀರಿನಲ್ಲಿ ಹಲಗೆಗಳು ತೇಲುತ್ತಿದ್ದವು, ಯಾರದೋ ಮನೆಯ ಫ್ರಿಜ್ಜೂ ತೇಲುತ್ತಿತ್ತು. ಬಿಸಿಲು ಇಳಿಯತೊಡಗಿತ್ತು. ಬಹಳ ದೂರ ಹೋದ ಮೇಲೆ ರಮಾ ರಸ್ತೆಯನ್ನೇ ನೋಡುತ್ತಾ ಕೇಳಿದರು.

"ಆ ಕಲೆ ಆಮ್ಯಾಲ ಏನಾತು? ನಾ ಒಂದ್ ತಿಂಗಳ ಗ್ರೂಪ್ ತಗದs ನೋಡಿಲ್ಲ."

ಸಮಾಧಾನವಾಗುವಂಥ ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ಸೂರ್ಯ ತಿರುಗುತ್ತಾನೆ, ಆಚೆ ಬದಿಗೆ ಹೋದ ಕಲೆ ಒಂದು ಸುತ್ತು ಹಾಕಿ ಈಚೆ ಬರುವುದುಂಟು. ಇದೂ ಬಂತು ಎಂದರೆ ಅವರು ನಂಬುತ್ತಿದ್ದರು. ಹಿಂದಿನ ಕನ್ನಡಿಯಲ್ಲಿ ಅವರ ಕಣ್ಣು ಕಾಣಿಸಿತು. ಇವರಿಗೆ ಸುಳ್ಳು ಸೂರ್ಯನನ್ನು ಇನ್ನೊಂದು ಸಲ ಕೊಡಲು ನನ್ನಿಂದ ಆಗಲಿಲ್ಲ.

"ಆ ಗೆರೆ ದಿನದಿನಕ್ಕೂ ಅಗಲ ಆಗ್ತಾ ಹೋಯ್ತು" ಎಂದೆ. "ಕಲೆ ಒಡೀತು. ಅಂಚಿಗೆ ಹೋಗೋ ಹೊತ್ತಿಗೆ ಚೂರುಚೂರಾಗಿತ್ತು. ಆಮೇಲೆ ಆಚೆ ಬದಿಗೆ ಹೋಯ್ತು. ಬರುತ್ತೇನೋ ಅಂತ ಕಾದೆ."

"ಬಂತೇನು?"

"ಇಲ್ಲ. ಬರ್ಲಿಲ್ಲ."

ಅವರು ನಿಧಾನವಾಗಿ ತಲೆಯಾಡಿಸಿದರು.

"ಹಂಗಾದ್ರ ನೀವೂ ಅದನ್ನ ಹೊಳ್ಳಿ ತರಬ್ಯಾಡ್ರಿ" ಎಂದರು.

"ಇಲ್ಲ, ತರಲ್ಲ" ಎಂದೆ.

ಅವರು ಮುಂಗೈಯಿಂದ ಕಣ್ಣೊರೆಸಿಕೊಂಡು ಹ್ಯೂಸ್ಟನ್ನಿನ ದಾರಿಯಲ್ಲಿ ಮುಂದುವರಿದರು.